ದ್ಯಾವಮ್ಮನ ಒಂದು ಓಟು

ಹೋದ ತಿಂಗಳು ನಿಮ್ಮ ಅತ್ತೆಗೆ ಪಾರ್ಸೆಲ್ ಕಳಿಸಲು ತೀರ್ಥಹಳ್ಳಿಯ ಅಂಚೆ ಕಚೇರಿಗೆ ಹೋಗಿದ್ದೆವಲ್ಲ, ಆಗ ಒಳಗೆ ಯಾರೋ ಚೀಲದ ಬಾಯಿಗೆ ಅರಗು ಕರಗಿಸಿ ಮುದ್ರೆ ಒತ್ತುತ್ತಿದ್ದರು. ಆ ವಾಸನೆ ಬಂದದ್ದೇ ನನಗೆ ನಿಲ್ಲಲಾಗಲಿಲ್ಲ. ಹೊರಗೆ ಬಂದು ಕಟ್ಟೆಯ ಮೇಲೆ ಕುಳಿತೆ. ಶುಭಾ ಹಿಂದೆಯೇ ಬಂದು, "ಎಂತಾಯ್ತು ಅಜ್ಜಿ?" ಎಂದಳು. "ಎಂತ ಇಲ್ಲ, ಸೆಖೆ" ಎಂದೆ. ಅದು ಸುಳ್ಳು. ನನಗೆ ನಾಲ್ಕು ಜನರ ಎದುರು ಮಾತಾಡಿ ಅಭ್ಯಾಸವಿಲ್ಲ, ನಿಮ್ಮ ಎದುರಿಗೂ ಅಷ್ಟೆ. ಅದಕ್ಕೆ ಬರೆದಿಡುತ್ತಿದ್ದೇನೆ.

ಶರಾವತಿಗೆ ಅಣೆಕಟ್ಟು ಕಟ್ಟಿ ಬ್ಯಾಕೋಡಿನ ಕಡೆ ನೀರು ಏರಿ ನಿಂತ ಮರುವರ್ಷದ ಮಾತು. ನಿಮ್ಮ ಅಜ್ಜ ಹೊಸನಗರ ತಾಲೂಕಿನ ಒಂದು ಸಣ್ಣ ಊರಿನ ಶಾಲೆಗೆ ಮೇಷ್ಟ್ರಾಗಿ ಬಂದು ವರ್ಷವಾಗಿತ್ತು. ಊರಿನ ಹೆಸರು ಬರೆಯುವುದಿಲ್ಲ. ಆ ಮನೆಗಳಲ್ಲೂ ನಿಮ್ಮಂಥ ಮೊಮ್ಮಕ್ಕಳಿದ್ದಾರೆ. ನನಗೆ ಆಗ ಇಪ್ಪತ್ತು ವರ್ಷ. ತವರೂರು ಮೇಳಿಗೆಯಲ್ಲಿ ಅಪ್ಪಯ್ಯ ಏಳನೇ ತರಗತಿಯವರೆಗೆ ಓದಿಸಿದ್ದರು. ಅಷ್ಟು ಓದಿದ ಹೆಂಗಸು ಆ ಊರಿನಲ್ಲಿ ನಾನೊಬ್ಬಳೇ ಆದದ್ದು ಮುಂದಿನದಕ್ಕೆಲ್ಲ ಕಾರಣವಾಯಿತು.

ಶಿವರಾತ್ರಿ ಕಳೆದು ಬಿಸಿಲು ಚುರುಕಾಗುತ್ತಿದ್ದಾಗ ಪಂಚಾಯ್ತಿ ಚುನಾವಣೆ ಬಂತು. ನಮ್ಮ ಊರಿನ ಸ್ಥಾನಕ್ಕೆ ಇಬ್ಬರು ನಿಂತರು. ಒಬ್ಬರು ದೊಡ್ಡಮನೆ ಗೌಡರು, ಊರಿನ ಮುಕ್ಕಾಲು ಗದ್ದೆಯ ಒಡೆಯರು. ಅವರ ಗುರುತು ಕೊಡೆ. ಇನ್ನೊಬ್ಬ ಕನ್ನಪ್ಪ, ಅವರದೇ ಗದ್ದೆಯನ್ನು ಗೇಣಿಗೆ ಮಾಡುತ್ತಿದ್ದವನು. ಅವನ ಗುರುತು ಬುಟ್ಟಿ. ಪಂಚಾಯ್ತಿಯಲ್ಲಿ ಪಕ್ಷ ಇಲ್ಲ ಎಂದು ಕಾನೂನು ಹೇಳುತ್ತಿತ್ತಂತೆ. ಊರಿನಲ್ಲಿ ಮಾತ್ರ ಎರಡು ತಿಂಗಳು ಕೊಡೆಯವರು, ಬುಟ್ಟಿಯವರು ಎಂದು ಎರಡೇ ಜಾತಿ ಉಳಿದಿದ್ದವು.

ಓಟು ಹಾಕುವುದು ಶಾಲೆಯಲ್ಲಿ. ತಾಲೂಕು ಕಚೇರಿಯಿಂದ ಬಂದ ಅಧಿಕಾರಿಗೆ ಒಂದು ತೊಡಕು ಎದುರಾಯಿತು. ಹೆಂಗಸರು ಪರಗಂಡಸಿನ ಕೈಗೆ ಬೆರಳು ಕೊಟ್ಟು ಮಸಿ ಹಚ್ಚಿಸಿಕೊಳ್ಳುವುದಿಲ್ಲ ಎಂದುಬಿಟ್ಟರು. ಊರಿನ ಗಂಡಸರು ಎದುರಿಗೆ ಕುಳಿತಿದ್ದರೆ ಒಳಗೇ ಬರುವುದಿಲ್ಲ ಎಂದರು. ಎರಡೂ ಕಡೆಯವರು ಕೂಡಿ ಒಪ್ಪಿದ ಮಾತು ಬಹುಶಃ ಅದೊಂದೇ: ಹೆಂಗಸರಿಗೆ ಒಂದನೇ ತರಗತಿಯ ಕೋಣೆ, ಎರಡೂ ಕಡೆಯ ಏಜೆಂಟರು ಹೊರಗೆ ಜಗುಲಿಯಲ್ಲಿ, ಒಳಗೆ ಮೇಷ್ಟ್ರ ಹೆಂಡತಿ. ನಾನು ಆಗುವುದಿಲ್ಲ ಎಂದೆ. ನಿಮ್ಮ ಅಜ್ಜ, "ಬರೋರೆಲ್ಲ ಹೆಂಗಸ್ರೇ. ಹೆಸರು ಕೇಳು, ಪಟ್ಟಿಯಲ್ಲಿ ಗೆರೆ ಎಳಿ, ಚೀಟಿ ಹರಿದು ಕೊಡು, ಮಸಿ ಹಚ್ಚು. ಅಷ್ಟೆ" ಎಂದರು.

ಅಷ್ಟೇ ಆಗಿರಲಿಲ್ಲ. ಪಟ್ಟಿಯಲ್ಲಿ ಪ್ರತಿ ಹೆಂಗಸಿನ ಹೆಸರಿನ ಮುಂದೆ ಗಂಡನ ಹೆಸರಿತ್ತು. ಆ ಕಾಲದಲ್ಲಿ ಯಾವ ಹೆಂಗಸು ತಾನೇ ಗಂಡನ ಹೆಸರು ಬಾಯಿಬಿಟ್ಟು ಹೇಳುತ್ತಿದ್ದಳು? ನಾನೂ ಅಲ್ಲಿಯವರೆಗೆ ಒಮ್ಮೆಯೂ ಹೇಳಿರಲಿಲ್ಲ. ಅದಕ್ಕೆ ಅವರೇ ಒಂದು ಉಪಾಯ ಮಾಡಿಕೊಂಡು ಬಂದಿದ್ದರು. ಇಬ್ಬಿಬ್ಬರಾಗಿ ಬರುವುದು, ಇವಳ ಗಂಡನ ಹೆಸರನ್ನು ಅವಳು ಹೇಳುವುದು, ಅವಳ ಗಂಡನ ಹೆಸರನ್ನು ಇವಳು ಹೇಳುವುದು.

"ಇವ್ಳ ಗಂಡ ಗಿಡ್ಡ ಹುಚ್ಚಪ್ಪ, ಬರ್ಕಳಿ ಅಮ್ಮಾ."

"ಗಿಡ್ಡ ಅಂತ ಬರೀಬ್ಯಾಡಿ. ನಿನ್ ಗಂಡ ಎಂತ ತೆಂಗಿನಮರವಾ?"

ಬೆಳಿಗ್ಗೆಯೆಲ್ಲ ಆ ಕೋಣೆಯಲ್ಲಿ ನಗುವೋ ನಗು. ನನ್ನ ನಾಚಿಕೆಯೂ ಸ್ವಲ್ಪ ಬಿಟ್ಟಿತ್ತು.

ಮಧ್ಯಾಹ್ನ ಮೂರರ ಹೊತ್ತಿಗೆ ಜನ ಇರಲಿಲ್ಲ. ಜಗುಲಿಯಲ್ಲಿದ್ದ ಏಜೆಂಟರಿಬ್ಬರೂ ಗೋಡೆಗೆ ಒರಗಿ ತೂಕಡಿಸುತ್ತಿದ್ದರು. ಆಗ ಹಿತ್ತಿಲ ಬಾಗಿಲಿನಿಂದ ದ್ಯಾವಮ್ಮ ಬಂದಳು. ನನ್ನದೇ ವಯಸ್ಸಿನ ಒಕ್ಕಲ ಹೆಂಗಸು, ದೊಡ್ಡಮನೆಯಲ್ಲಿ ಕೊಟ್ಟಿಗೆ ಕೆಲಸ ಮಾಡುತ್ತಿದ್ದಳು. ದಾರಿಯಲ್ಲಿ ಸಿಕ್ಕಿದರೆ ನಗುತ್ತಿದ್ದಳು, ಅಷ್ಟೇ ಪರಿಚಯ. ತರಗೆಲೆ ತುಂಬಿದ ಹೆಡಿಗೆಯನ್ನು ಹೊರಗೆ ಇಳಿಸಿ, ಸೆರಗಿನಲ್ಲಿ ಮುಖ ಒರೆಸಿಕೊಳ್ಳುತ್ತ ನಿಂತಳು. ಒಬ್ಬಳೇ.

"ನಿಮ್ಮನೆಯವರ ಹೆಸರು?" ಎಂದೆ.

ಅವಳು ಬಾಯಿಗೆ ಸೆರಗು ಹಿಡಿದು ನೆಲ ನೋಡಿದಳು. ಹೇಳಲು ಜೊತೆಗೆ ಯಾರೂ ಇರಲಿಲ್ಲ. ಇನ್ನೊಮ್ಮೆ ಕೇಳಲು ನನಗೆ ನಾಲಿಗೆ ಬರಲಿಲ್ಲ. ನಾನೇ ಹೇಳದ್ದನ್ನು ಅವಳ ಬಾಯಿಂದ ಹೇಗೆ ಹೊರಡಿಸಲಿ ಎನ್ನಿಸಿತು. ಪಟ್ಟಿಯ ಹಾಳೆ ತಿರುವಿದೆ. 'ದ್ಯಾವಮ್ಮ' ಎಂದು ಸಿಕ್ಕಿತು. ಗೆರೆ ಎಳೆದೆ, ಆ ಸಾಲಿನ ನಂಬರನ್ನು ಚೀಟಿಯ ಅರ್ಧದಲ್ಲಿ ಬರೆದುಕೊಂಡೆ, ಉಳಿದ ಅರ್ಧ ಹರಿದು ಕೊಟ್ಟೆ. ಎರಡೂ ಅರ್ಧದ ಮೇಲೆ ಚೀಟಿಯ ಅಚ್ಚಿನ ನಂಬರು ಒಂದೇ ಇರುತ್ತಿತ್ತು. ಬೆರಳಿಗೆ ಮಸಿ ಹಚ್ಚಿದೆ. ಅವಳ ಕೈ ಬಿಸಿಯಾಗಿತ್ತು. ಮರೆಗೆ ಹೋಗಿ ಮುದ್ರೆ ಒತ್ತಿ, ಪೆಟ್ಟಿಗೆಗೆ ಹಾಕಿ, ಬಂದ ದಾರಿಯಲ್ಲೇ ಹೋದಳು.

ಅದೇ ಹಾಳೆಯ ಕೆಳಗೆ ಇನ್ನೊಬ್ಬ ದ್ಯಾವಮ್ಮ ಇದ್ದಳೆಂದು ನಾನು ನೋಡಲಿಲ್ಲ.

ಅಂದು ಸಂಜೆಯೇ ಎಣಿಕೆ. ಬುಟ್ಟಿಗೆ ಒಂದು ಓಟು ಹೆಚ್ಚು. ಗೌಡರ ಕಡೆಯವರು ಮತ್ತೆ ಎಣಿಸಿ ಎಂದರು. ಮತ್ತೆ ಎಣಿಸಿದರು, ಒಂದೇ. ಮೂರನೇ ಸಲ ಎಣಿಸಿದರು, ಆಗಲೂ ಒಂದೇ. ಅಧಿಕಾರಿ ಎಲ್ಲವನ್ನೂ ಚೀಲಕ್ಕೆ ಹಾಕಿ, ಬಾಯಿ ಕಟ್ಟಿ, ಅರಗು ಕರಗಿಸಿ ಮುದ್ರೆ ಒತ್ತಿ ಹೊಸನಗರಕ್ಕೆ ಒಯ್ದರು.

ಎಂಟು ದಿನ ಬುಟ್ಟಿಯವರು ಕುಣಿದರು. "ಕೊಡೆ ಹರಿದ್ರೆ ಎಂತಾತು ಗೌಡ್ರೇ, ನಮ್ ಬುಟ್ಟೀನೇ ತಲೆ ಮೇಲೆ ಇಟ್ಕಳಿ" ಎಂದು ಯಾರೋ ದೊಡ್ಡಮನೆಯ ಗೇಟಿನ ಎದುರು ಕೂಗಿದ್ದೂ ಆಯಿತು. ಒಂಬತ್ತನೇ ದಿನ ಗೌಡರ ಭಾವಮೈದುನ ಸುಬ್ಬಣ್ಣ ತಾಲೂಕು ಕಚೇರಿಯಲ್ಲಿ ಗೆರೆ ಎಳೆದ ಪಟ್ಟಿಯನ್ನು ಕೂತು ನೋಡಿ ಬಂದ. ಬಸ್ಸಿಳಿದವನೇ ನಮ್ಮ ಮನೆಯ ಮುಂದೆ ನಿಂತ.

"ಮೇಷ್ಟ್ರೇ, ಕೆರಿಯಪ್ಪನ ಹೆಂಡ್ತಿ ದ್ಯಾವಮ್ಮ ದೀಪಾವಳಿಗೆ ಸತ್ತಿದ್ದು ನಿಮಗೆ ಗೊತ್ತಲ್ಲ? ಹೆಣಕ್ಕೆ ನೀವೂ ಬಂದಿದ್ರಿ. ಅವಳು ಬಂದು ಓಟು ಹಾಕಿ ಹೋಗಿದಾಳೆ. ನಿಮ್ಮನೆಯವರೇ ಮಸಿ ಹಚ್ಚಿದಾರೆ. ಸುಟ್ಟ ಬೆರಳಿಗೆ ಹ್ಯಾಗೆ ಹಚ್ಚಿದ್ರು ಅಂತ ಕೇಳ್ಬೇಕಿತ್ತು."

ಒಳಗೆ ಅಕ್ಕಿ ಆರಿಸುತ್ತ ಎಲ್ಲ ಕೇಳಿಸಿಕೊಂಡೆ. ಅವನು ಹೋದಮೇಲೆ ನಡೆದದ್ದನ್ನೆಲ್ಲ ನಿಮ್ಮ ಅಜ್ಜನಿಗೆ ಹೇಳಿದೆ. ಅವರು ಬೈಯಲಿಲ್ಲ. ಓಟಿಗೆ ಬಂದಿದ್ದ ದ್ಯಾವಮ್ಮ ಹೂವಪ್ಪ ಎಂಬವನ ಹೆಂಡತಿ, ನಾನು ಗೆರೆ ಎಳೆದದ್ದು ಸತ್ತವಳ ಸಾಲಿಗೆ. "ತಪ್ಪು ಸಾಲು, ಅಷ್ಟೆ. ಬದುಕಿರೋಳು ಬಂದು 'ಹಾಕಿದ್ದು ನಾನೇ' ಅಂದ್ರೆ ಮುಗೀತು" ಎಂದರು.

ಮಾರನೆಯ ದಿನ ಅವಳೇ ಬಂದಳು. ನಿಮ್ಮ ಅಜ್ಜ ಶಾಲೆಯಲ್ಲಿದ್ದ ಹೊತ್ತು ನೋಡಿ ಬಾವಿಕಟ್ಟೆಗೆ ಬಂದು ನಿಂತಳು. ಎಡಗೈಯ ಬೆರಳಿಗೆ ಬಟ್ಟೆ ಸುತ್ತಿತ್ತು.

"ಅಕ್ಕಾ, ನನ್ ಹೆಸರು ಎತ್ತಬ್ಯಾಡಿ."

"ಯಾಕೆ? ನೀನು ತಪ್ಪು ಮಾಡಿಲ್ಲವಲ್ಲ."

"ಓಟಿಗೆ ಹೋಗ್ಬ್ಯಾಡ ಅಂದಿದ್ರು ಮನೇಲಿ. ಹೋಗಿಲ್ಲ ಅಂತ ಹೇಳೀನಿ." ಅವಳು ಬಟ್ಟೆ ಬಿಚ್ಚಿ ತೋರಿಸಿದಳು. ಮಸಿ ಕಾಣದಿರಲೆಂದು ಹಸಿ ಗೇರುಬೀಜದ ಸೊನೆ ಹಚ್ಚಿಕೊಂಡಿದ್ದಳು. ಬೆರಳಿನ ತುದಿ ಬೆಂದು, ಚರ್ಮ ಎದ್ದು, ಉಗುರು ಕಪ್ಪಾಗಿತ್ತು. "ಬೀಜ ಸುಡುವಾಗ ಹಾರ್ತು ಅಂತ ಹೇಳೀನಿ. ನಂಬಿದಾರೆ. ನೀವು ಹೇಳಿಬಿಟ್ರೆ ನಂಗೆ ಆ ಮನೇಲಿ ಜಾಗ ಇಲ್ಲ. ಎರಡು ವರ್ಷದ ಹೆಣ್ಣು ಕೂಸು ಐತೆ ಅಕ್ಕಾ."

ನಾನು ಆಯಿತು ಎಂಬಂತೆ ತಲೆಯಾಡಿಸಿದೆ. ಗಂಡ ಯಾಕೆ ಬೇಡ ಎಂದ ಎಂದು ನಾನು ಕೇಳಲಿಲ್ಲ. ಹೂವಪ್ಪ ಬುಟ್ಟಿಯವರ ಮುಂದಾಳು, ಕನ್ನಪ್ಪನ ಬಲಗೈ. ಹೆಂಗಸರು ಶಾಲೆಯವರೆಗೆ ಹೋಗುವುದೇ ಅವನಿಗೆ ಹಿಡಿಸದೇನೋ ಎಂದುಕೊಂಡೆ.

ಗೌಡರು ಸಾಗರದ ಕೋರ್ಟಿನಲ್ಲಿ ತಕರಾರು ಅರ್ಜಿ ಹಾಕಿದರು. ಮೇಷ್ಟ್ರು ಮತ್ತು ಅವರ ಹೆಂಡತಿ ಬುಟ್ಟಿಯವರೊಂದಿಗೆ ಸೇರಿ ಸತ್ತವಳ ಹೆಸರಿನಲ್ಲಿ ಕಳ್ಳ ಓಟು ಹಾಕಿಸಿದ್ದಾರೆ, ಅದನ್ನು ತೆಗೆದು ಮತ್ತೆ ಎಣಿಸಬೇಕು ಎಂದು ಬರೆಸಿದ್ದರು. ಇನ್ಸ್‌ಪೆಕ್ಟರ್ ಬಂದು ನಿಮ್ಮ ಅಜ್ಜನನ್ನು ವಿಚಾರಣೆ ಮುಗಿಯುವವರೆಗೆ ಸಸ್ಪೆಂಡ್ ಮಾಡಿ ಹೋದರು. ನೌಕರಿಗೆ ಸೇರಿದಾಗಿನಿಂದ ಒಂದು ದಿನವೂ ತಡವಾಗಿ ಗಂಟೆ ಹೊಡೆಸದ ಮನುಷ್ಯ. ಶಾಲೆಯ ಪಕ್ಕದ ಮನೆಯಲ್ಲೇ ಕುಳಿತು, ಬೇರೆಯವರು ಮಗ್ಗಿ ಹೇಳಿಸುವುದನ್ನು ಗೋಡೆಯಾಚೆಯಿಂದ ಕೇಳುತ್ತಿದ್ದರು. ಮಕ್ಕಳು ತಪ್ಪು ಹೇಳಿದಾಗ ಅವರ ತುಟಿ ಅಲುಗುವುದನ್ನು ನಾನು ನೋಡುತ್ತಿದ್ದೆ.

ಆ ಬೇಸಗೆ ಊರು ಹೇಗೆ ಎರಡಾಯಿತೆಂದು ಈಗ ಹೇಳಿದರೆ ನಂಬುವುದು ಕಷ್ಟ. ಇದ್ದ ಒಂದು ಚಹಾದಂಗಡಿ ಬುಟ್ಟಿಯವರದಾಯಿತು. ಕೊಡೆಯವರು ಅದರ ಎದುರಿಗೆ ಇನ್ನೊಂದು ಹಾಕಿದರು. ಒಬ್ಬರ ಗದ್ದೆಗೆ ಇನ್ನೊಬ್ಬರು ಆಳಾಗಿ ಹೋಗಿ ತೀರಿಸುವ ಮುಯ್ಯಾಳಿನ ರೂಢಿ ನಿಂತಿತು. ಶಾಲೆಯಲ್ಲಿ ಮಕ್ಕಳು ತಾವಾಗಿಯೇ ಎರಡು ಗೋಡೆಗೆ ಸರಿದು ಕುಳಿತರು. ಗೌಡರ ಕಡೆಯ ಮುದುಕರೊಬ್ಬರು ತೀರಿಕೊಂಡಾಗ ಬುಟ್ಟಿಯವರು ಯಾರೂ ಹೋಗಲಿಲ್ಲ. ನೆರೆಯವರೆಲ್ಲ ಬುಟ್ಟಿಯವರೇ ಆಗಿದ್ದರಿಂದ ಐದೇ ಜನ ಹೊತ್ತುಕೊಂಡು ಹೋದರು. ನಡುವೆ ಇಳಿಸಿ ಇಳಿಸಿ ಒಯ್ದದ್ದನ್ನು ನಾನು ಕಿಟಕಿಯಿಂದ ಕಂಡೆ. ನಮ್ಮ ಮನೆಗಂತೂ ಎರಡೂ ಕಡೆಯವರು ಬರುತ್ತಿರಲಿಲ್ಲ. ಕೊಡೆಯವರು ನಮ್ಮನ್ನು ಕಳ್ಳರೆಂದರು. ಬುಟ್ಟಿಯವರು, ಬಾಯಿಬಿಟ್ಟರೆ ಎಲ್ಲ ಸರಿಹೋಗುವಾಗ ಯಾಕೆ ಸುಮ್ಮನಿದ್ದಾರೆ ಎಂದು ಗುಮಾನಿ ಪಟ್ಟರು.

ಹೌದು, ನಾನು ಸುಮ್ಮನಿದ್ದೆ. ಬಾವಿಕಟ್ಟೆಯಲ್ಲಿ ತಲೆಯಾಡಿಸಿದ್ದನ್ನು ನಿಮ್ಮ ಅಜ್ಜನಿಗೂ ಹೇಳಿದ್ದೆ. ಸಾಕ್ಷಿಗೆ ಕರೆ ಬಂದ ದಿನ ಅವರು, "ನನಗೋಸ್ಕರ ಹೇಳ್ಬ್ಯಾಡ. ಅವಳಿಗೋಸ್ಕರ ಮುಚ್ಚಿಡಲೂ ಬ್ಯಾಡ. ಕಂಡದ್ದು ಹೇಳು" ಎಂದರು. ಆಮೇಲೆ, "ಕೆಲಸ ಹೋದ್ರೆ ಕವಲೇದುರ್ಗದ ಹತ್ರ ಅಣ್ಣನ ಗದ್ದೆಗೆ ಹೋದ್ರಾಯ್ತು, ಬಿಡು" ಎಂದರು. ಅಣ್ಣನ ಮನೆಗೆ ಅವರನ್ನು ಯಾರೂ ಕರೆದಿರಲಿಲ್ಲ.

ಸಾಗರಕ್ಕೆ ಬಸ್ಸಿನಲ್ಲಿ ಹೋದೆವು. ಬಿಸಿಲಿಗೆ ರಸ್ತೆಯ ಕೆಂಪು ಧೂಳು ಹಲ್ಲಿನವರೆಗೆ ಬಂದಿತ್ತು. ಕಟಕಟೆಯಲ್ಲಿ ನಿಂತಾಗ ಗುಮಾಸ್ತರು ಹೆಸರು ಕೇಳಿದರು, ಹೇಳಿದೆ. "ಗಂಡನ ಹೆಸರು?" ಎಂದರು. ಬಾಯಿ ಬರಲಿಲ್ಲ. ಮತ್ತೆ ಕೇಳಿದರು. ಹಿಂದೆ ಯಾರೋ ನಕ್ಕರು.

ಗೌಡರ ವಕೀಲರು ಎದ್ದು, "ಸ್ವಾಮಿ, ಗಂಡನ ಹೆಸರೇ ಹೇಳಲಾರದವರು ಊರಿನ ಓಟಿನ ಲೆಕ್ಕ ಇಟ್ಟಿದ್ದಾರೆ" ಎಂದರು.

ಹೇಳಿದೆ. ಜೀವಮಾನದಲ್ಲಿ ಅದೇ ಮೊದಲು. ಹೇಳಿದ ಮೇಲೆ ಉಳಿದದ್ದೆಲ್ಲ ತಾನಾಗಿ ಬಂತು. ಅವಳು ಒಬ್ಬಳೇ ಬಂದದ್ದು, ಗಂಡನ ಹೆಸರು ಹೇಳದ್ದು, ನಾನು ಎರಡನೇ ಸಲ ಕೇಳದೆ ಮೊದಲು ಕಂಡ ಸಾಲಿಗೆ ಗೆರೆ ಎಳೆದದ್ದು. "ಯಾರು ಬಂದದ್ದು?" ಎಂದರು ನ್ಯಾಯಾಧೀಶರು. ನಿಮ್ಮ ಅಜ್ಜ ಎದುರಿನ ಬೆಂಚಿನಲ್ಲಿ ಮಡಿಸಿದ ಕೊಡೆಯ ಮೇಲೆ ಎರಡೂ ಕೈ ಇಟ್ಟು ಕುಳಿತಿದ್ದರು. ಅಂಗಿಯ ಕಾಲರು ಹರಿದಿತ್ತು. ನಾನು ಅದನ್ನು ಹೊಲಿಯದೆ ಬಿಟ್ಟಿದ್ದೆ.

"ಹೂವಪ್ಪನ ಹೆಂಡತಿ ದ್ಯಾವಮ್ಮ" ಎಂದೆ.

ಹದಿನೈದು ದಿನದ ಮೇಲೆ ಅವಳನ್ನು ಕರೆಸಿದರು. ಮುಂಗಾರಿನ ಮೊದಲ ಮಳೆ ಬಿದ್ದಿತ್ತು. ಹೂವಪ್ಪನೇ ಹುಮ್ಮಸ್ಸಿನಿಂದ ಕರೆತಂದಿದ್ದ. ತನ್ನ ಮಾತು ಮೀರಿ ಹೋದಳೆಂಬ ಸಿಟ್ಟು ಇದ್ದರೂ ಬುಟ್ಟಿಯ ಓಟು ಉಳಿಯುತ್ತದಲ್ಲ ಎಂಬ ಖುಷಿ ಅದನ್ನು ಮೀರಿತ್ತು. "ಹೆದರ್ಬ್ಯಾಡ್ವೇ, ನಾನೇ ಹಾಕಿದ್ದು ಅನ್ನು, ಅಷ್ಟೇ ಸಾಕು" ಎಂದು ವರಾಂಡದಲ್ಲಿ ಹೇಳಿಕೊಡುತ್ತಿದ್ದ. ಅವಳು ಮೊದಲು ಇಲ್ಲ ಎಂದಳು. ಬೆರಳು ತೋರಿಸು ಎಂದರು. ತೋರಿಸಿದಳು. ಉಗುರು ಬಿದ್ದುಹೋಗಿತ್ತು. ಆಮೇಲೆ, "ಹೌದು, ನಾನೇ" ಎಂದಳು.

ಅಲ್ಲಿಗೆ ನಿಲ್ಲಬಹುದಿತ್ತು. ಗೌಡರ ವಕೀಲರು ಬೇರೊಬ್ಬಳ ಸಾಲಿನಲ್ಲಿ ಹಾಕಿದ ಓಟು ನಿಲ್ಲುವುದಿಲ್ಲ, ತೆಗೆದುಹಾಕಿ ಎಂದರು. ಬುಟ್ಟಿಯ ವಕೀಲರು ಬದುಕಿರುವವಳ ಓಟು, ನಿಲ್ಲುತ್ತದೆ ಎಂದರು. ನ್ಯಾಯಾಧೀಶರು ವಯಸ್ಸಾದವರು. "ತೆಗೆಯುವುದಾದರೆ ಅದು ಯಾರಿಗೆ ಬಿದ್ದಿದೆ ಎಂದು ನೋಡಬೇಕಾಗುತ್ತದೆ. ಹೆಣ್ಣುಮಗಳ ಗುಟ್ಟು ಬಯಲಾಗುತ್ತದೆ. ಎರಡೂ ಕಡೆಗೆ ಒಪ್ಪಿಗೆಯೇ?" ಎಂದು ಕೇಳಿದರು. ಇಬ್ಬರೂ ಒಪ್ಪಿಗೆ ಎಂದರು. ಅದು ಬುಟ್ಟಿಯದೆಂದು ಗೌಡರಿಗೂ ಗೊತ್ತಿತ್ತು, ಕನ್ನಪ್ಪನಿಗೂ ಗೊತ್ತಿತ್ತು, ಹೂವಪ್ಪನಿಗಂತೂ ಅನುಮಾನವೇ ಇರಲಿಲ್ಲ. ನನಗೂ ಇರಲಿಲ್ಲ.

ದ್ಯಾವಮ್ಮ ಮಾತ್ರ, "ಬ್ಯಾಡ ಸ್ವಾಮಿ" ಎಂದಳು. ಯಾರೂ ಕೇಳಿಸಿಕೊಳ್ಳಲಿಲ್ಲ.

ಚೀಲದ ಅರಗು ಒಡೆದರು. ನಾನು ಬರೆದಿಟ್ಟ ಅರ್ಧಚೀಟಿಯ ಅಚ್ಚಿನ ನಂಬರು ನೋಡಿ, ಚೀಟಿಗಳನ್ನು ಒಂದೊಂದಾಗಿ ತಿರುವಿ ಅವಳದನ್ನು ಹುಡುಕಿದರು. ಎಷ್ಟೋ ಹೊತ್ತು ಹಿಡಿಯಿತು. ಸಿಕ್ಕಿದ ಚೀಟಿಯನ್ನು ನ್ಯಾಯಾಧೀಶರು ನೋಡಿ, ಇಬ್ಬರು ವಕೀಲರಿಗೂ ತೋರಿಸಿದರು. ಮುದ್ರೆ ಕೊಡೆಯ ಮೇಲಿತ್ತು.

ಸುಬ್ಬಣ್ಣ ನಗಲು ಶುರುಮಾಡಿ, ಅರ್ಧಕ್ಕೆ ನಿಲ್ಲಿಸಿದ. ಆ ಓಟು ತೆಗೆದರೆ ಗೌಡರು ಒಂದರ ಬದಲು ಎರಡರಿಂದ ಸೋಲುತ್ತಿದ್ದರು. ತಮ್ಮ ಓಟನ್ನೇ ತೆಗೆಸಲು ಅವರು ಮೂರು ತಿಂಗಳು ಓಡಾಡಿದ್ದರು. ಇಟ್ಟರೂ ಬುಟ್ಟಿಯೇ ಗೆದ್ದಂತೆ. ಅರ್ಜಿ ವಜಾ ಆಯಿತು. ನಮ್ಮದು ಕೈತಪ್ಪೇ ಹೊರತು ಮೋಸವಲ್ಲ ಎಂದು ಬರೆದರು. ನಿಮ್ಮ ಅಜ್ಜನ ಕೆಲಸ ಉಳಿಯಿತು. ಇಷ್ಟೆಲ್ಲ ಆಗುವಾಗ ದ್ಯಾವಮ್ಮ ನೆಲದ ಮೇಲೆ ಕುಳಿತಿದ್ದಳು. ಹೂವಪ್ಪ ಅವಳತ್ತ ನೋಡದೆ ಹೊರಗೆ ಹೋದ.

ಬಸ್ ಸ್ಟ್ಯಾಂಡಿನಲ್ಲಿ ಅವನು ಒಬ್ಬನೇ ಬಸ್ಸು ಹತ್ತಿದ. ಅವಳು ಮೆಟ್ಟಿಲಿಗೆ ಕೈ ಇಟ್ಟಾಗ, "ನಿನ್ ಕೊಡೆ ಹಿಡ್ಕಂಡು ನಡ್ಕಂಡ್ ಬಾ" ಎಂದ. ಒಳಗಿದ್ದ ಬುಟ್ಟಿಯವರು ನಕ್ಕರು. ನಾವು ಅವಳನ್ನು ನಮ್ಮ ಜೊತೆಗೆ ಮುಂದಿನ ಬಸ್ಸಿಗೆ ಹತ್ತಿಸಿಕೊಂಡೆವು. ನಾನು ಪಕ್ಕದಲ್ಲಿ ಕುಳಿತೆ. ಬಹಳ ದೂರ ಬಂದ ಮೇಲೆ ಅವಳು ಕಿಟಕಿಯ ಕಡೆಗೇ ಮುಖ ಮಾಡಿ ಹೇಳಿದಳು.

"ಕೂಸು ಹುಟ್ಟಿದಾಗ ನಂಗೆ ಹಾಲಿರ್ಲಿಲ್ಲ. ಸಾಯೋ ಹಂಗೆ ಆಗಿತ್ತು. ದೊಡ್ಡಮನೆ ಅಮ್ಮ, ಗೌಡ್ರ ಹೆಂಡ್ತಿ, ಬಾಗ್ಲು ಹಾಕ್ಕಂಡು, ತನ್ ಮಗುವಿನ ಜೊತೆಗೆ ಈ ಕೊಟ್ಟಿಗೆ ಆಳಿನ ಕೂಸಿಗೂ ಎದೆಹಾಲು ಕುಡಿಸಿದ್ರು. ಮೂರು ತಿಂಗ್ಳು. ಗೌಡ್ರಿಗೂ ಗೊತ್ತಿಲ್ಲ, ನಮ್ಮೋರಿಗೂ ಗೊತ್ತಿಲ್ಲ. ಅವ್ರು ಒಂದೇ ಸಲ ಕೇಳಿದ್ರು ಅಕ್ಕಾ, ಈ ಓಟು ಒಂದು ನಂಗೆ ಕೊಡು ಅಂತ. ಇಲ್ಲ ಅನ್ನೋದು ಹ್ಯಾಗೆ?"

"ಇದನ್ನ ಕೋರ್ಟಲ್ಲಿ ಹೇಳಿದ್ರೆ—"

"ಹೇಳಿದ್ರೆ ಆ ಅಮ್ಮಂಗೆ ಆ ಮನೇಲಿ ಜಾಗ ಇರ್ತಿತ್ತಾ?"

ನನ್ನ ಮೇಲೆ ಒಂದು ಮಾತು ಆಡಲಿಲ್ಲ ಅವಳು. ಆಡಿದ್ದರೆ ಚೆನ್ನಾಗಿತ್ತು.

ಆ ವಾರದಲ್ಲೇ ಅವಳನ್ನು ಮನೆಯಿಂದ ಹೊರಗೆ ಹಾಕಿದರು. ಕೂಸನ್ನು ಅತ್ತೆ ಕೊಡಲಿಲ್ಲ. ದೊಡ್ಡಮನೆಯ ಹಿತ್ತಿಲಿಗೆ ಹೋಗಿ ನಿಂತಳಂತೆ. ಗೌಡರು, ಇವಳ ದೆಸೆಯಿಂದ ಸಾಗರದಲ್ಲಿ ನಗೆಪಾಟಲಾಯಿತು ಎಂದು ಆಳಿನ ಕೈಯಲ್ಲಿ ಗೇಟು ಹಾಕಿಸಿದರು. ಒಳಗಿನಿಂದ ಆ ಅಮ್ಮ ಬರಲಿಲ್ಲ. ಬರಲು ಬಿಡಲಿಲ್ಲವೋ ಏನೋ. ನಮ್ಮ ಮನೆಗೆ ಬಂದಿರು ಎಂದು ನಿಮ್ಮ ಅಜ್ಜ ಹೇಳಿ ಕಳಿಸಿದರು. ಬರಲಿಲ್ಲ. ಬ್ಯಾಕೋಡಿನ ಕಡೆಯ ತವರಿಗೆ ಹೊರಟಳು ಎಂದು ಕೇಳಿದೆವು. ತವರಿನ ಮನೆ, ಗದ್ದೆ ಎಲ್ಲ ಹಿಂದಿನ ವರ್ಷವೇ ನೀರಿನಡಿ ಹೋಗಿ, ಅಣ್ಣಂದಿರು ಎಲ್ಲಿಗೋ ಗುಳೆ ಎದ್ದಿದ್ದರು. ಅದು ಅವಳಿಗೆ ಗೊತ್ತಿತ್ತೋ ಇಲ್ಲವೋ. ಜಡಿಮಳೆಯಲ್ಲಿ ಒಬ್ಬ ಹೆಂಗಸು ಹಿನ್ನೀರಿನ ದಡದಲ್ಲಿ ಎರಡು ದಿನ ಕುಳಿತಿದ್ದನ್ನು ದೋಣಿಯವನು ಕಂಡಿದ್ದನಂತೆ. ಮೂರನೆಯ ದಿನ ಇರಲಿಲ್ಲ ಎಂದನಂತೆ.

ನಿಮ್ಮ ಅಜ್ಜ ರಜೆ ಹಾಕಿ ಎರಡು ಸಲ ಆ ಕಡೆ ಹೋಗಿ ಹುಡುಕಿ ಬಂದರು. ನೀರಿನಾಚೆಯ ಊರುಗಳಲ್ಲೂ ಕೇಳಿದರು. ಏನೂ ಗೊತ್ತಾಗಲಿಲ್ಲ.

ಮಳೆಗಾಲ ಮುಗಿದ ಮೇಲೆ ಅವರಿಗೆ ವರ್ಗವಾಯಿತು. ಹೊರಡುವ ಮುಂಚೆ ಮತದಾರರ ಪಟ್ಟಿ ತಿದ್ದುವ ಕೆಲಸವನ್ನು ಅವರಿಗೇ ಕೊಟ್ಟರು. ಆ ಕೆಲಸ ಮೇಷ್ಟ್ರುಗಳದೇ ತಾನೆ. ಮನೆಮನೆಗೆ ಹೋಗಿ ಸತ್ತವರ ಹೆಸರು ಹೊಡೆದು, ಹೊಸಬರನ್ನು ಸೇರಿಸಿಕೊಂಡು ಬಂದರು. ಸಂಜೆ ಜಗುಲಿಯಲ್ಲಿ ಕುಳಿತು ಪ್ರತಿ ತೆಗೆಯುವಾಗ ನನ್ನನ್ನು ಕರೆದರು. ಕೆರಿಯಪ್ಪನ ಹೆಂಡತಿ ದ್ಯಾವಮ್ಮನ ಹೆಸರಿಗೆ ಅಡ್ಡಗೆರೆ ಹೊಡೆದು, ಪಕ್ಕದಲ್ಲಿ 'ಮೃತ' ಎಂದು ಬರೆದಿದ್ದರು. ಕೆಳಗಿನ ದ್ಯಾವಮ್ಮನ ಹೆಸರಿನ ಮೇಲೂ ಗೆರೆ ಇತ್ತು, ಪಕ್ಕದಲ್ಲಿ ಏನೂ ಇರಲಿಲ್ಲ.

"ಹೂವಪ್ಪ 'ಇಲ್ಲ' ಅಂತ ಮಾತ್ರ ಹೇಳ್ದ. ಕಾರಣ ಬರೀಬೇಕು. ಮೃತ ಅಂತಲೋ, ಊರು ಬಿಟ್ಟಿದ್ದಾರೆ ಅಂತಲೋ?"

ಅವರು ಪೆನ್ನು ಹಿಡಿದು ಕಾದರು.

"ಊರು ಬಿಟ್ಟಿದ್ದಾರೆ ಅಂತ ಬರೀರಿ" ಎಂದೆ.

ಅವರು ಹಾಗೇ ಬರೆದರು. ನಾನು ಹೇಳಿದ್ದು ನಿಜವೋ ಅಲ್ಲವೋ ನನಗೆ ಇವತ್ತಿಗೂ ಗೊತ್ತಿಲ್ಲ.